ಅಜ್ಜನ ಹೆಸರಲ್ಲಿ ಪರದೇಶ

(ಮಡಿಕೇರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ಕೈಬಿಟ್ಟಿದ್ದೇನೆ. ಸಭೆಯವರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. "ಪರದೇಶದ ಪಾಸ್‌ಪೋರ್ಟ್ ಅಂದ್ರೆ ಛತ್ರಿ ಹಿಡ್ಕೊಂಡಾದ್ರೂ ಬರ್ತಾರೆ" ಅಂತ ಕರೆದವರು ಹೇಳಿದ್ದರು. ಅವರ ಮಾತೇ ನಿಜವಾಯಿತು.

ನಾನು ವಕೀಲನಲ್ಲ. ಏಜೆಂಟ್ ಅಂತೂ ಅಲ್ಲವೇ ಅಲ್ಲ. ಕಂದಾಯ ಇಲಾಖೆಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕೂತು ಎದ್ದವನು. ಕಡತದ ದೂಳಿಗೆ ಬಂದ ಸೀನು ಇನ್ನೂ ಪೂರ್ತಿ ಹೋಗಿಲ್ಲ. ನಿವೃತ್ತಿಯಾದ ಮೇಲೆ ಜನ ಮನೆಗೇ ಬರಲು ಶುರು ಮಾಡಿದರು. ಮೊದಮೊದಲು ಪೌತಿ ಖಾತೆ, ವಂಶವೃಕ್ಷ, ಇಂಥದ್ದಕ್ಕೆ. ಈಗ ಕೆಲವು ವರ್ಷಗಳಿಂದ ಬೇರೆ ತರದ ಪ್ರಶ್ನೆ ಬರುತ್ತಿದೆ. "ಸಾರ್, ನಮ್ಮ ಮುತ್ತಜ್ಜ ದೊರೆಗಳ ಕಡೆಯವರಂತೆ. ನಮಗೆ ಅಲ್ಲಿಯ ಪೌರತ್ವ ಸಿಗುತ್ತಾ?" ದೊರೆಗಳು ಅಂದರೆ ಇಲ್ಲಿ ಕಾಫಿ ತೋಟ ಮಾಡಿದ ಬಿಳಿಯರು.

ಒಂದು ಡಬ್ಬದ ಕತೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ, ಕಕ್ಕಡ ತಿಂಗಳು, ಬಿಡದೆ ಹಿಡಿದ ಮಳೆ. ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಒಬ್ಬರು ಬಂದರು. ಕೈಯಲ್ಲಿ ಹಳೇ ಬಿಸ್ಕತ್ ಡಬ್ಬ, ಅದಕ್ಕೆ ಎರಡು ಸುತ್ತು ಪ್ಲಾಸ್ಟಿಕ್. ಮುಚ್ಚಳ ತೆಗೆದ ಕೂಡಲೇ ಹೊಗೆ ವಾಸನೆ. ಬೂಷ್ಟು ಹಿಡಿಯದಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರಂತೆ. ಕೊಡಗಿನಲ್ಲಿ ಕಾಗದ ಉಳಿಸೋದು ಅಂದರೆ ಮಾಂಸ ಒಣಗಿಸಿದ ಹಾಗೆ, ಹೊಗೆಯೇ ಗತಿ. ಡಬ್ಬದೊಳಗೆ ಒಂದು ಫೋಟೋ. ಹ್ಯಾಟ್ ಹಾಕಿದ ದೊರೆಯೊಬ್ಬ ಕಾಫಿ ಕಣದ ಅಂಚಿನಲ್ಲಿ ನಿಂತಿದ್ದಾನೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಹೆಸರು, ಅರ್ಧ ಅಳಿಸಿದೆ. "ಇವರು ನಮ್ಮ ತಾಯಿಯ ತಂದೆ" ಅಂದರು. ನಾನು ಫೋಟೋ ನೋಡಿದೆ, ಅವರ ಮುಖ ನೋಡಿದೆ. ಅದೇ ಗದ್ದ, ಅದೇ ಬೆಕ್ಕಿನ ಕಣ್ಣು. ಸುಳ್ಳು ಹೇಳುತ್ತಿಲ್ಲ ಅಂತ ಕುರುಡನಿಗೂ ಗೊತ್ತಾಗಬೇಕು.

ಫೋಟೋದ ಕೆಳಗೆ ಅವರ ತಾಯಿಯ ಬ್ಯಾಪ್ಟಿಸಮ್ ಚೀಟಿ ಇತ್ತು. ಮಗುವಿನ ಹೆಸರು ಇದೆ. ತಾಯಿಯ ಹೆಸರು ಇದೆ. ತಂದೆಯ ಹೆಸರು ಬರೆಯುವ ಜಾಗದಲ್ಲಿ ಒಂದು ಗೀಟು ಎಳೆದಿದ್ದಾರೆ. ಅಷ್ಟೇ.

ಆ ಗೀಟಿನ ಮುಂದೆ ಅವರ ಗದ್ದವೂ ನಡೆಯೋದಿಲ್ಲ, ಕಣ್ಣೂ ನಡೆಯೋದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇದೇ. ವಂಶದ ಮೂಲಕ ಪೌರತ್ವ ಅಂತ ಹೆಸರು ಕೇಳಿ ರಕ್ತದ ಮಾತು ಅಂದುಕೊಳ್ಳುತ್ತೇವೆ. ಆ ದೇಶದ ಗುಮಾಸ್ತನಿಗೆ ಬೇಕಾಗಿರುವುದು ಕಾಗದ. ಅವನೂ ನನ್ನ ಹಾಗೆ ರೆಕಾರ್ಡ್ ರೂಮಿನವನು ನೋಡಿ.

ನಮ್ಮ ಜಿಲ್ಲೆಯವರಿಗೆ ವಂಶದಿಂದ ಬರುವ ಹಕ್ಕು ಹೊಸದೇನಲ್ಲ. ಕೊಡವರಿಗೆ ಒಕ್ಕ, ಅಂದರೆ ಮನೆತನ ಇದೆ; ಐನ್‌ಮನೆ, ಅಂದರೆ ಮನೆತನದ ಮೂಲಮನೆ ಇದೆ. ಗೌಡರಿಗೂ ಐನ್‌ಮನೆ ಇದೆ. ಯಾರು ಯಾರ ಮಗ, ಯಾವ ಮನೆತನ, ಮೂಲಪುರುಷನಾದ ಗುರುಕಾರೋಣ ಯಾರು ಅಂತ ಕೇಳಿದರೆ ಐನ್‌ಮನೆಯ ನಡುಮನೆ ನೆಲ್ಲಕ್ಕಿಯಲ್ಲಿ ಕೂತ ಹಿರಿಯರು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ. ಹಾಕಿ ಹಬ್ಬಕ್ಕೆ ತಂಡ ಕಟ್ಟುವುದು ಕೂಡ ಮನೆತನದ ಮೇಲೇ ಅಲ್ವಾ? ಕೋವಿಯನ್ನೇ ತಗೊಳ್ಳಿ. 1861ರಿಂದ ಇಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ ಇದೆ. ಕೊಡವ ಜನಾಂಗದವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದೂ ಹುಟ್ಟಿನಿಂದ, ಭೂಮಿಯಿಂದ ಬಂದ ಹಕ್ಕೇ. ಹೀಗಾಗಿ "ವಂಶ ತೋರಿಸಿ" ಅಂದರೆ ನಮ್ಮವರು ಹೆದರುವುದಿಲ್ಲ. ಎದೆ ಉಬ್ಬಿಸಿ ಬರುತ್ತಾರೆ.

ತೊಂದರೆ ಅಲ್ಲೇ ಇರೋದು. ಐನ್‌ಮನೆಯಲ್ಲಿ ಹಿರಿಯರ ಬಾಯಿಮಾತು ನಡೆಯುತ್ತದೆ. ಪರದೇಶದ ಕಚೇರಿಯಲ್ಲಿ ನಡೆಯೋದಿಲ್ಲ. ಅವರು ಕೇಳುವುದು ಹೀಗೆ. ನಿನ್ನ ಪೂರ್ವಿಕ ಯಾವ ಊರಲ್ಲಿ, ಯಾವ ದಿನ ಹುಟ್ಟಿದ? ಅವನಿಂದ ನಿನ್ನವರೆಗೆ ಪ್ರತಿ ತಲೆಮಾರಿನ ಜನನ ಪತ್ರ, ಮದುವೆ ಪತ್ರ ಇದೆಯಾ? ಆಮೇಲೆ ನಮ್ಮವರು ಯಾರೂ ಯೋಚಿಸದ ಒಂದು ಪ್ರಶ್ನೆ: ಮುಂದಿನ ಮಗು ಹುಟ್ಟಿದ ದಿನ ಆ ಪೂರ್ವಿಕ ಇನ್ನೂ ಆ ದೇಶದ ಪ್ರಜೆಯಾಗಿಯೇ ಇದ್ದನಾ? ನಡುವೆ ಬೇರೆ ದೇಶದ ಪೌರತ್ವ ತಗೊಂಡಿದ್ದರೆ ಎಷ್ಟೋ ದೇಶಗಳ ಲೆಕ್ಕದಲ್ಲಿ ಸರಪಳಿ ಅಲ್ಲಿಗೆ ಮುಗಿಯಿತು. ನಿಮ್ಮ ಹತ್ತಿರ ಹತ್ತು ತಲೆಮಾರಿನ ಹೆಸರು ಇರಲಿ, ಅವರಿಗೆ ಬೇಕಾಗಿರುವುದು ಎರಡು ಮೂರೇ ತಲೆಮಾರು. ಆದರೆ ಒಂದು ಕೊಂಡಿಯೂ ತಪ್ಪಿರಬಾರದು.

ಇಲ್ಲಿ ಒಬ್ಬರು ಕೈ ಎತ್ತಿದರು. ನಿವೃತ್ತ ಸುಬೇದಾರರು ಅಂತ ಕಾಣುತ್ತದೆ, ಕೂತ ಭಂಗಿಯಲ್ಲೇ ಗೊತ್ತಾಗುತ್ತಿತ್ತು. "ನಮ್ಮಜ್ಜ ಬ್ರಿಟಿಷ್ ಸೈನ್ಯದಲ್ಲಿದ್ದರು, ಮೆಡಲ್ ಇದೆ, ಪೆನ್ಷನ್ ಬುಕ್ ಇದೆ. ಅವರು ಬ್ರಿಟಿಷ್ ಪ್ರಜೆ ತಾನೇ? ಹಾಗಾದರೆ ನಾನು?"

ಕೊಡಗಿನಲ್ಲಿ ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಉತ್ತರ: ಅಜ್ಜ ಬ್ರಿಟಿಷ್ ಪ್ರಜೆ ಹೌದು, ನಿಮಗೆ ಏನೂ ಸಿಗುವುದಿಲ್ಲ. 1834ರಲ್ಲಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ನೇರವಾಗಿ ತಾವೇ ಆಳಿದರು. ಮೈಸೂರು ಹಾಗಲ್ಲ, ಅಲ್ಲಿ ಮಹಾರಾಜರಿದ್ದರು. ಹಾಗಾಗಿ ಕುಶಾಲನಗರದ ಸೇತುವೆಯ ಈಚೆ ಹುಟ್ಟಿದವನು ಬ್ರಿಟಿಷ್ ಪ್ರಜೆ. ಆಚೆ ದಡದಲ್ಲಿ ಹುಟ್ಟಿದವನು ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ, ಪ್ರಜೆಯಲ್ಲ. ಒಂದೇ ಕಾವೇರಿ ನೀರು ಕುಡಿದವರಿಗೆ ಎರಡು ಲೇಬಲ್! ಆದರೆ ಇವತ್ತು ಎರಡಕ್ಕೂ ಬೆಲೆ ಒಂದೇ, ಸೊನ್ನೆ. ಆಗ ಇಡೀ ಬ್ರಿಟಿಷ್ ಇಂಡಿಯಾದ ಕೋಟಿ ಕೋಟಿ ಜನ ಬ್ರಿಟಿಷ್ ಪ್ರಜೆಗಳೇ. ಸ್ವಾತಂತ್ರ್ಯ ಬಂತು, 1950ರ ಜನವರಿ 26ಕ್ಕೆ ಸಂವಿಧಾನ ಬಂತು, ಅವರು ಭಾರತದ ಪೌರರಾದರು. ಆ ಹಳೇ ಪ್ರಜೆತನ ಮೊಮ್ಮಕ್ಕಳಿಗೆ ಇಳಿದು ಬರುವುದಿಲ್ಲ. ಮೆಡಲ್ ಜೋಪಾನವಾಗಿಡಿ, ಅದು ಮನೆಗೆ ಗೌರವ.

ಸುಬೇದಾರರ ಮುಖ ಸ್ವಲ್ಪ ಚಿಕ್ಕದಾಯಿತು. ಆದರೆ ಇದೇ ಪ್ರಶ್ನೆಗೆ "ಆಗುತ್ತೆ ಸಾರ್, ಪ್ರೋಸೆಸಿಂಗ್ ಫೀಸು ಕಟ್ಟಿ" ಅನ್ನುವವರೂ ಇದ್ದಾರೆ. ಡಬ್ಬದ ರೈಟರ್ ನನ್ನ ಹತ್ತಿರ ಬರುವ ಮೊದಲು ಅಂಥ ಒಬ್ಬರಿಗೆ ಒಂದೂವರೆ ಲಕ್ಷ ಕೊಟ್ಟಿದ್ದರು. ರಸೀದಿ ಕೂಡ ಇಲ್ಲ.

ಹಾಗಾದರೆ ಬ್ರಿಟನ್ನಿಗೆ ದಾರಿಯೇ ಇಲ್ವಾ? ಒಂದು ಇದೆ. ಅದು ಪೌರತ್ವ ಅಲ್ಲ, ವೀಸಾ. ಆನ್ಸೆಸ್ಟ್ರಿ ವೀಸಾ ಅನ್ನುತ್ತಾರೆ. ಕಾಮನ್‌ವೆಲ್ತ್ ದೇಶದ ಪೌರರಾಗಿರಬೇಕು, ನಾವು ಆಗಿದ್ದೇವೆ. ಅಜ್ಜ ಅಜ್ಜಿಯರು ನಾಲ್ವರಲ್ಲಿ ಯಾರಾದರೂ ಒಬ್ಬರು ಬ್ರಿಟನ್ನಿನಲ್ಲೇ ಹುಟ್ಟಿರಬೇಕು. 1922ರ ಮಾರ್ಚ್ 31ಕ್ಕೆ ಮೊದಲು ಐರ್ಲೆಂಡಿನಲ್ಲಿ ಹುಟ್ಟಿದ್ದರೂ ನಡೆಯುತ್ತದೆ. ಐದು ವರ್ಷ ಅಲ್ಲಿ ದುಡಿಯಬಹುದು. ಆಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಇದರ ದೊಡ್ಡ ಅನುಕೂಲ ಏನಂದರೆ ನಿಮ್ಮ ಭಾರತದ ಪಾಸ್‌ಪೋರ್ಟ್ ನಿಮ್ಮ ಜೇಬಿನಲ್ಲೇ ಇರುತ್ತದೆ. ಪೌರತ್ವ ಬೇಕು ಪೌರತ್ವ ಬೇಕು ಅಂತ ಹೋಗುವವರು ಈ ಮಾತನ್ನು ನೆನಪಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೊಡಗಿನಲ್ಲಿ ಇದು ಯಾರಿಗೆ ಉಪಯೋಗ? ತೋಟದ ದೊರೆಗಳ ವಂಶದವರಿಗೆ. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಹತ್ತಿರ ಕಾಫಿ ತೋಟ ಹಾಕಿದಲ್ಲಿಂದ ಶುರು. ಅವನ ಹಿಂದೆ ಸಾಲು ಸಾಲಾಗಿ ಬಂದರು. ಕೋಟೆಯೊಳಗೆ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದ್ದು 1859ರಲ್ಲಿ. ಈಗ ಅದು ಮ್ಯೂಸಿಯಂ, ನೀವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. ಬ್ರಿಟಿಷ್ ಇಂಡಿಯಾದ ಚರ್ಚುಗಳಲ್ಲಿ ಆದ ಬ್ಯಾಪ್ಟಿಸಮ್, ಮದುವೆ, ಸಾವಿನ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಅಂಥ ರಿಜಿಸ್ಟರುಗಳ ರಾಶಿಯೇ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸರ್ಕಾರವೇ ಜನನ ನೋಂದಣಿ ಶುರು ಮಾಡಿದ್ದು 1837ರ ಜುಲೈ ಒಂದಕ್ಕೆ. ಅಂದರೆ ಅಲ್ಲಿ ಹುಟ್ಟಿದ ದೊರೆಯ ಜನನ ಪತ್ರ ಇವತ್ತೂ ದುಡ್ಡು ಕಟ್ಟಿದರೆ ಮನೆಗೆ ಅಂಚೆಯಲ್ಲಿ ಬರುತ್ತದೆ. ನೂರೈವತ್ತು ವರ್ಷದ ಹಿಂದಿನದ್ದು! ನಮ್ಮ ಅಪ್ಪನದ್ದು ಹುಡುಕಲು ನಾವು ಪಡುವ ಪಾಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಎರಡು ಕಡೆ ಎಡವುತ್ತಾರೆ. ಒಂದು, ದೊರೆ ಅಜ್ಜ ಆಗಿರಬೇಕು, ಮುತ್ತಜ್ಜ ಆದರೆ ಇಲ್ಲ. ಈಗಿನ ಹುಡುಗರಿಗೆ ಬಹಳಷ್ಟು ಕಡೆ ಆತ ಮುತ್ತಜ್ಜನೋ ಅವನಪ್ಪನೋ ಆಗಿಹೋಗಿದ್ದಾನೆ. ಇನ್ನೊಂದು, ಅದೇ ಗೀಟು. ಕಾನೂನು ಈಗ ಉದಾರವಾಗಿದೆ. ಅಪ್ಪ ಅಮ್ಮ ಮದುವೆ ಆಗಿದ್ದರಾ ಇಲ್ವಾ ಅಂತ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇಂಥವನೇ ತಂದೆ ಅಂತ ತೋರಿಸಲೇಬೇಕು. ತೋಟದಲ್ಲಿ ಕೆಲಸಕ್ಕಿದ್ದ ಹೆಂಗಸಿಗೆ ಹುಟ್ಟಿದ ಮಗುವಿಗೆ ಎಷ್ಟು ಮಂದಿ ದೊರೆಗಳು ತಮ್ಮ ಹೆಸರು ಬರೆಸಿದರು? ಎಲ್ಲೋ ಒಬ್ಬಿಬ್ಬರು ಬರೆಸಿದರು, ಓದಿಸಿದರು. ಉಳಿದವರು ಹಡಗು ಹತ್ತಿದರು. ಆವತ್ತು ಹೆಸರು ಬರೆಯದ ಆ ಮನುಷ್ಯ ಮೊಮ್ಮಗನ ವೀಸಾ ಅರ್ಜಿಯ ಮೇಲೂ ಗೀಟು ಎಳೆದು ಹೋಗಿದ್ದಾನೆ.

"ಡಿಎನ್‌ಎ ಟೆಸ್ಟ್ ಮಾಡಿಸಿದರೆ?" ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗ. ಅಪ್ಪ, ನೀನು ಹೇಳುವುದು ಆ ಎಂಜಲು ಕಳಿಸಿ ರಿಪೋರ್ಟ್ ತರಿಸುವ ಕಿಟ್ ತಾನೇ? ಇಷ್ಟು ಪರ್ಸೆಂಟ್ ಯುರೋಪಿಯನ್ ಅಂತ ಬರುತ್ತದಲ್ಲ, ಅದು. ಮನೆಯಲ್ಲಿ ತೋರಿಸಿ ಸಂತೋಷಪಡು. ಪರ್ಸೆಂಟ್ ನೋಡಿ ಪಾಸ್‌ಪೋರ್ಟ್ ಕೊಡುವ ಕಚೇರಿ ಇಲ್ಲ.

ಬೇರೆ ದೇಶಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಐರ್ಲೆಂಡ್: ಅಜ್ಜ ಅಥವಾ ಅಜ್ಜಿ ಆ ದ್ವೀಪದಲ್ಲಿ ಹುಟ್ಟಿದ್ದರೆ ವಿದೇಶಿ ಜನನಗಳ ರಿಜಿಸ್ಟರಿನಲ್ಲಿ ಹೆಸರು ಬರೆಸಿ ಪೌರರಾಗಬಹುದು. ನಮ್ಮ ಕಡೆ ಐರಿಷ್ ಅಂದರೆ ಜಾಸ್ತಿ ಬಂದದ್ದು ಸಿಸ್ಟರುಗಳು, ಬ್ರದರುಗಳು. ಅವರಿಂದ ಶಾಲೆ ಸಿಕ್ಕಿತು, ವಂಶ ಸಿಗಲಿಲ್ಲ. ಇಟಲಿ: ಮೊದಲು ಎಷ್ಟು ತಲೆಮಾರಿನ ಹಿಂದಕ್ಕೆ ಬೇಕಾದರೂ ಹೋಗಬಹುದಿತ್ತು. 2025ರಲ್ಲಿ ಕಾನೂನು ಬದಲಾಯಿಸಿದರು. ಈಗ ಸಾಧಾರಣವಾಗಿ ಅಪ್ಪ ಅಮ್ಮ, ಅಜ್ಜ ಅಜ್ಜಿ, ಅಲ್ಲಿಗೆ ಗೆರೆ. ವರ್ಷಗಟ್ಟಲೆ ಕಾಗದ ಕೂಡಿಸಿ ಸಾಲಿನಲ್ಲಿ ನಿಂತಿದ್ದವರ ಬಾಗಿಲು ರಾತ್ರೋರಾತ್ರಿ ಮುಚ್ಚಿತು. ಹೀಗಾಗಿ ನಾನು ಇವತ್ತು ಹೇಳಿದ್ದನ್ನು ಬರೆದಿಟ್ಟುಕೊಂಡು ಹತ್ತು ವರ್ಷ ಬಿಟ್ಟು ನಂಬಬೇಡಿ. ಅರ್ಜಿ ಹಾಕುವ ವಾರ ಆ ದೇಶದ ಸರ್ಕಾರಿ ಜಾಲತಾಣ ನೋಡಿ.

ಇಟಲಿಯ ಒಂದು ಹಳೇ ನಿಯಮ ಮಾತ್ರ ಹೇಳಲೇಬೇಕು, ನಮ್ಮ ಹೆಂಗಸರು ಕೇಳಬೇಕಾದ್ದು. ಅಲ್ಲಿ ತಾಯಿಯಿಂದ ಪೌರತ್ವ ಇಳಿಯುತ್ತಿದ್ದುದು 1948ರ ಜನವರಿ ಒಂದರಿಂದ ಹುಟ್ಟಿದ ಮಕ್ಕಳಿಗೆ ಮಾತ್ರ. ಅದಕ್ಕೆ ಮೊದಲು ಹುಟ್ಟಿದವರಿಗೆ ತಂದೆಯೇ ಬೇಕು. ಬ್ರಿಟನ್ನಿನಲ್ಲಿ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿ ತನ್ನ ಪೌರತ್ವ ತಾನಾಗಿಯೇ ಕೊಡಲು ಆದದ್ದು 1983ರಿಂದ. ಏನು ಸಾರ್ ಇಷ್ಟು ಹಿಂದುಳಿದಿದ್ದರಾ ಅಂತ ನಗುತ್ತೀರಿ. ನಮ್ಮ ದೇಶದಲ್ಲಿ? ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ತಾಯಿಯಿಂದ ಪೌರತ್ವ ಬರುವ ಹಾಗೆ ಮಾಡಿದ್ದು 1992ರ ಡಿಸೆಂಬರ್ 10ರಿಂದ! ಅಲ್ಲಿಯವರೆಗೆ ತಂದೆಯೇ ಎಲ್ಲ. ನಮ್ಮ ಒಕ್ಕದ ಲೆಕ್ಕವೂ ಗಂಡಿನ ಕಡೆಯಿಂದಲೇ. ಆದರೆ ಒಕ್ಕ ನಿಂತುಹೋಗುತ್ತದೆ ಅಂದಾಗ ಮಗಳನ್ನು ಮನೆಯಲ್ಲೇ ಉಳಿಸಿ, ಅವಳ ಮಕ್ಕಳಿಗೆ ಅದೇ ಒಕ್ಕದ ಹೆಸರು ಕೊಡುವ ಒಕ್ಕಪರಿಜೆ ಮದುವೆ ನಮ್ಮ ಹಿರಿಯರಿಗೆ ಗೊತ್ತಿತ್ತು. ರೋಮಿನವರಿಗೆ ಅದು ತಡವಾಗಿ ಹೊಳೆಯಿತು ಅಂತಿಟ್ಟುಕೊಳ್ಳಿ.

ಪೋರ್ಚುಗಲ್ ವಿಷಯಕ್ಕೆ ಬರೋಣ. ವಿರಾಜಪೇಟೆಯಿಂದ ಬಂದವರು ಕಾಯುತ್ತಿದ್ದೀರಿ ಅಂತ ಗೊತ್ತು.

ಗೋವಾ, ದಮನ್, ದಿಯುಗಳಲ್ಲಿ 1961ರ ಡಿಸೆಂಬರ್ 19ಕ್ಕೆ ಮೊದಲು ಹುಟ್ಟಿದವರು ಆ ಹೊತ್ತಿಗೆ ಪೋರ್ಚುಗಲ್ ಪ್ರಜೆಗಳು. ಆವತ್ತು ಭಾರತದ ಸೈನ್ಯ ಗೋವಾವನ್ನು ಬಿಡಿಸಿತು. ಭಾರತ ಅವರನ್ನು ತನ್ನ ಪೌರರನ್ನಾಗಿ ಮಾಡಿಕೊಂಡಿತು. ಪೋರ್ಚುಗಲ್ ಮಾತ್ರ ಅವರ ಹಕ್ಕನ್ನು ಅಳಿಸಲಿಲ್ಲ. ಅವರೋ, ಅವರ ಮಕ್ಕಳೋ, ಮೊಮ್ಮಕ್ಕಳೋ ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ಜನನ ದಾಖಲು ಮಾಡಿಸಿ ಪೌರರಾಗಬಹುದು. ಅಜ್ಜನದ್ದು ಮೊದಲು, ಅಪ್ಪನದ್ದು ಆಮೇಲೆ, ಕೊನೆಗೆ ನಿಮ್ಮದು, ಮೆಟ್ಟಿಲು ಮೆಟ್ಟಿಲಾಗಿ. ಬ್ರಿಟನ್ ಯುರೋಪಿಯನ್ ಯೂನಿಯನ್ನಿನಲ್ಲಿ ಇದ್ದಷ್ಟು ಕಾಲ ಆ ಪಾಸ್‌ಪೋರ್ಟಿನಲ್ಲಿ ನೇರ ಇಂಗ್ಲೆಂಡಿಗೆ ಹೋಗಿ ದುಡಿಯಬಹುದಿತ್ತು. ಗೋವಾದವರು ಸಾವಿರಗಟ್ಟಲೆ ಹೋದರು. ಸ್ವಿಂಡನ್ ಎಂಬ ಊರಿನಲ್ಲಿ ಕೊಂಕಣಿ ಮಾತು ಕೇಳಿಸುವುದು ಹಾಗೆ. 2020ರ ಕೊನೆಗೆ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಈಗ ಅದು ಯುರೋಪಿನ ಉಳಿದ ಭಾಗಕ್ಕೆ ಮತ್ತು ಐರ್ಲೆಂಡಿಗೆ ಕೀಲಿ.

ಆದರೆ ವಿರಾಜಪೇಟೆಯ ಕೊಂಕಣಿ ಕ್ಯಾಥೊಲಿಕರಿಗೆ ಇದು ಸಿಗುತ್ತದಾ? ಬಹಳಷ್ಟು ಜನರಿಗೆ ಇಲ್ಲ. ನಿಮ್ಮ ಹಿರಿಯರು ಗೋವಾದಿಂದ ಹೊರಟದ್ದು ನಿಜ. ಆದರೆ ಮಂಗಳೂರು ಕಡೆ ನೆಲೆ ನಿಂತು ತಲೆಮಾರುಗಳೇ ಕಳೆದಿದ್ದವು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಇಲ್ಲಿ ಆಸರೆ ಕೊಟ್ಟ. ಸಂತ ಅನ್ನಮ್ಮ ಚರ್ಚ್ 1792ರಿಂದ ಇದೆ. ನಿಮ್ಮ ಬೇರು ಗೋವಾದ್ದು ಅಂತ ಅದು ಹೇಳುತ್ತದೆ. ಲಿಸ್ಬನ್ ಕೇಳುವುದು ಬೇರು ಅಲ್ಲ, ಅಜ್ಜ ಹುಟ್ಟಿದ ಆಸ್ಪತ್ರೆಯೋ ಮನೆಯೋ ಗೋವಾದ ಯಾವ ತಾಲೂಕಿನಲ್ಲಿತ್ತು ಅಂತ. ನಿಮ್ಮ ಅಜ್ಜ ವಿರಾಜಪೇಟೆಯಲ್ಲೇ ಹುಟ್ಟಿದ್ದರೆ ಮುಗಿಯಿತು. ಆದರೆ ಗೋವಾದಿಂದ ಮದುವೆಯಾಗಿ ಬಂದ ಅಜ್ಜಿ ಇದ್ದರೆ ಒಮ್ಮೆ ಕೂತು ಲೆಕ್ಕ ಹಾಕಿ. ಅಂಥ ಎರಡು ಮನೆ ನನಗೆ ಗೊತ್ತು. ಗಂಡಸರ ಕಡೆಯೇ ಹುಡುಕುತ್ತಾ ಮೂರು ವರ್ಷ ಕಳೆದಿದ್ದರು. ಅಡುಗೆಮನೆಯಲ್ಲಿ ಸನ್ನ ಬೇಯಿಸುತ್ತಿದ್ದ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ವಂಶದ ನಿಯಮ ಬಾಗಿಲು ತೆರೆಯುತ್ತದೆ ಅಂತ ಮಾತ್ರ ತಿಳಿಯಬೇಡಿ, ಮುಚ್ಚುತ್ತದೆ ಕೂಡ. ದೂರ ಹೋಗುವುದು ಬೇಡ. ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಿ. ರಬ್ಬರ್ ತೋಟಗಳ ಹತ್ತಿರ ಸಿಲೋನ್ ತಮಿಳರ ಕಾಲೊನಿಗಳಿವೆ. ಅವರ ಅಜ್ಜಂದಿರು ಟೀ ತೋಟಕ್ಕೆ ಅಂತ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ ಹೋದವರು. ಮಕ್ಕಳು ಮೊಮ್ಮಕ್ಕಳು ಅಲ್ಲೇ ಹುಟ್ಟಿದರು. 1948ರಲ್ಲಿ ಸಿಲೋನ್ ಪೌರತ್ವದ ಕಾನೂನು ತಂದಿತು. ಅಲ್ಲಿ ಹುಟ್ಟಿದ್ದರೆ ಸಾಲದು, ನಿನ್ನ ತಂದೆಯೂ ಇಲ್ಲೇ ಹುಟ್ಟಿದ್ದು ಅಂತ ತೋರಿಸು, ಇಲ್ಲವಾದರೆ ಅಜ್ಜ ಮುತ್ತಜ್ಜ ಇಬ್ಬರೂ ಇಲ್ಲೇ ಹುಟ್ಟಿದ್ದು ಅಂತ ತೋರಿಸು ಅಂದಿತು. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹೆತ್ತ ಹೆಂಗಸಿಗೆ ಯಾರು ಜನನ ಪತ್ರ ಕೊಟ್ಟಿದ್ದರು? ಲಕ್ಷಾಂತರ ಜನ ಯಾವ ದೇಶದವರೂ ಅಲ್ಲದೆ ಉಳಿದರು. 1964ರಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕೂತು ಒಪ್ಪಂದ ಮಾಡಿದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದವರ ಮಾತು ಆಮೇಲೆ. ಅಕ್ಕಿ ಮೂಟೆ ಹಂಚಿದ ಹಾಗೆ. ಹಾಗೆ ಬಂದವರಲ್ಲಿ ಕೆಲವರು ಸುಳ್ಯ, ಪುತ್ತೂರಿನ ರಬ್ಬರ್ ತೋಟದಲ್ಲಿ ನೆಲೆ ಕಂಡರು. ಅಲ್ಲಿಯ ಒಬ್ಬ ಹಿರಿಯರು ನನಗೆ ಹೇಳಿದ್ದರು, "ನಮ್ಮಪ್ಪ ಎಲ್ಲಿ ಹುಟ್ಟಿದ್ದು ಅಂತ ಇಡೀ ಲೈನಿಗೇ ಗೊತ್ತಿತ್ತು, ಸಾಹೇಬರಿಗೆ ಮಾತ್ರ ಗೊತ್ತಿರಲಿಲ್ಲ" ಅಂತ.

ಇನ್ನೊಂದು ಕಡೆ ಹೋಗಿ, ಕುಶಾಲನಗರ ದಾಟಿದರೆ ಬೈಲಕುಪ್ಪೆ. ಅಲ್ಲಿಯ ಟಿಬೆಟಿಯನ್ನರದ್ದು ಇದಕ್ಕೆ ಉಲ್ಟಾ ಕತೆ. ವಂಶ ಟಿಬೆಟಿನದು, ಆದರೆ ನಮ್ಮ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ ಒಂದರ ಒಳಗೆ ಈ ನೆಲದಲ್ಲಿ ಹುಟ್ಟಿದ ಯಾರೇ ಆಗಲಿ ಭಾರತದ ಪೌರರು, ಅಪ್ಪ ಅಮ್ಮ ಯಾರಾದರೂ ಸರಿ. ಕೋರ್ಟುಗಳೂ ಅದನ್ನೇ ಹೇಳಿದವು, ನಮ್ಮ ಹೈಕೋರ್ಟ್ ಕೂಡ 2013ರಲ್ಲಿ ಹೇಳಿತು. ಅದೇ ಮನೆಯಲ್ಲಿ 1988ರಲ್ಲಿ ಹುಟ್ಟಿದ ತಮ್ಮನಿಗೆ ಆ ಹಕ್ಕಿಲ್ಲ. ಅಣ್ಣ ಭಾರತೀಯ, ತಮ್ಮ ನಿರಾಶ್ರಿತ. ಒಂದು ತಾರೀಕಿನ ಕೈವಾಡ.

ಈಗ ಆಗಲೇ ಮುಂದೂಡಿದ ಮಾತು. ಒಂದು ವೇಳೆ ನಿಮ್ಮ ಸರಪಳಿ ಗಟ್ಟಿ ಇದೆ, ಪೌರತ್ವ ಸಿಕ್ಕೇಬಿಡುತ್ತದೆ ಅಂತಿಟ್ಟುಕೊಳ್ಳಿ. ಕೊಡಬೇಕಾದ್ದೇನು?

ಭಾರತದಲ್ಲಿ ಎರಡು ಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ ನೀವಾಗಿ ಬೇರೆ ದೇಶದ ಪೌರತ್ವ ತಗೊಂಡ ಕ್ಷಣ ಇಲ್ಲಿಯದು ಹೋಯಿತು. ಯಾರೂ ಬಂದು ಕಿತ್ತುಕೊಳ್ಳಬೇಕಾಗಿಲ್ಲ, ತಾನಾಗಿಯೇ ಹೋಗುತ್ತದೆ. ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು, ಇಲ್ಲಿ ಇದು, ಅಲ್ಲಿ ಅದು ಅಂತ ಸುಮ್ನೆ ಓಡಾಡುತ್ತೇನೆ ಅನ್ನುವವರಿದ್ದಾರೆ. ಸಿಕ್ಕಿಬಿದ್ದರೆ ದಂಡ, ಮೇಲೆ ಕೇಸು. ಹಳೇ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ತಗೊಳ್ಳಬೇಕು. ಆಮೇಲೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಜೀವನಪರ್ಯಂತದ ವೀಸಾ ಇದ್ದ ಹಾಗೆ. ಹೆಸರಿನಲ್ಲಿ ಸಾಗರೋತ್ತರ ಪೌರ ಅಂತ ಇದೆ. ಹೆಸರು ನೋಡಿ ಮರುಳಾಗಬೇಡಿ. ಓಟಿಲ್ಲ, ಸರ್ಕಾರಿ ಕೆಲಸ ಇಲ್ಲ.

ಓಟಿಲ್ಲ ಅಂದಾಗ ಯಾರೂ ಅಲುಗಾಡಲಿಲ್ಲ. ಮುಂದಿನದು ಹೇಳಿದಾಗ ಕುರ್ಚಿಗಳು ಸದ್ದು ಮಾಡಿದವು.

ಓಸಿಐ ಆದವರು ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ, ಪ್ಲಾಂಟೇಶನ್ ಕೊಳ್ಳುವ ಹಾಗಿಲ್ಲ, ತೋಟದ ಮನೆ ಕೊಳ್ಳುವ ಹಾಗಿಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಳ್ಳಿ, ಮೈಸೂರಿನಲ್ಲಿ ಸೈಟ್ ತಗೊಳ್ಳಿ, ಅಡ್ಡಿಯಿಲ್ಲ. ಆದರೆ ಪಕ್ಕದ ತೋಟದವರು ಮಾರಾಟಕ್ಕೆ ಇಟ್ಟ ಮೂರು ಎಕರೆ ಕಾಫಿ? ಆಗುವುದಿಲ್ಲ. ಕೊಡಗಿನವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ ಹೇಳಿ. ಭಾರತದ ಪೌರತ್ವ ಇಟ್ಟುಕೊಂಡೇ ಹೊರಗೆ ನೆಲೆಸಿದ ಎನ್‌ಆರ್‌ಐಗಳಿಗೂ ಈ ನಿಯಮ ಇದೆ. ಆದರೆ ಅವರು ಗಂಟುಮೂಟೆ ಕಟ್ಟಿ ವಾಪಸ್ ಬಂದು ಇಲ್ಲೇ ನೆಲೆಸಿದರೆ ಮತ್ತೆ ಕೊಳ್ಳಬಹುದು. ವೀಸಾದ ಮೇಲೆ ಹೋಗುವುದಕ್ಕೂ ಪೌರತ್ವ ಬದಲಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

"ಹಾಗಾದ್ರೆ ನಮ್ಮ ತೋಟ ಮಗನಿಗೆ ಹೋಗಲ್ವಾ?" ಅಂತ ಒಬ್ಬ ತಾಯಿ ಗಾಬರಿಯಿಂದ ಎದ್ದು ನಿಂತರು. ಹೋಗುತ್ತದೆ ಅಕ್ಕ, ಕೂತ್ಕೊಳ್ಳಿ. ವಾರಸಿನಿಂದ ಬಂದರೆ ಅಡ್ಡಿಯಿಲ್ಲ. ನಿಮ್ಮ ಕಾಲಾನಂತರ ವಾರಸುದಾರನಾಗಿ ಬರಲಿ, ವಿಲ್ ಮೂಲಕ ಬರಲಿ, ಮಗ ಇಟ್ಟುಕೊಳ್ಳಬಹುದು. ಆದರೆ ಈಗಲೇ ಪ್ರೀತಿಯಿಂದ ದಾನಪತ್ರ ಮಾಡಿಕೊಡಲು ಹೋಗಬೇಡಿ. ಪೌರತ್ವ ಬದಲಿಸಿದ ಮಗನಿಗೆ ಕಾಫಿ ತೋಟ, ಗದ್ದೆ ದಾನಪತ್ರದಲ್ಲಿ ಕೊಡುವಂತಿಲ್ಲ. ನಮ್ಮ ಕಡೆ ವಿಲ್ ಅಂದರೆ ಅಪಶಕುನ, ದಾನಪತ್ರ ಅಂದರೆ ಶುಭ ಅನ್ನುವ ಅಭ್ಯಾಸ. ಇಲ್ಲಿ ಅದು ತಿರುಗಾಮುರುಗಾ. ಆಮೇಲೆ ಆ ಮಗ ಮಾರುವುದಾದರೂ ಇಲ್ಲೇ ವಾಸವಿರುವ ಭಾರತದ ಪೌರನಿಗೇ ಮಾರಬೇಕು. ಜಮ್ಮಾ ಜಾಗದ ಪಟ್ಟೇದಾರಿಕೆ, ಒಕ್ಕದ ಪಾಲು, ಇದರ ಕಗ್ಗಂಟು ಬೇರೆ ಇದೆ. ಅದಕ್ಕೆ ಒಳ್ಳೆಯ ವಕೀಲರನ್ನು ಹಿಡಿಯಿರಿ, ನನ್ನನ್ನಲ್ಲ.

ತಮಾಷೆ ಏನು ಗೊತ್ತಾ? ಇತ್ತೀಚೆಗೆ ನನಗೆ ಬರುವ ಪತ್ರಗಳು ಉಲ್ಟಾ ದಿಕ್ಕಿನಿಂದ. ಅಪ್ಪ ಅಮ್ಮನ ಕಾಲದಲ್ಲೇ ಹೊರಗೆ ಹೋಗಿ ಅಲ್ಲಿಯವರೇ ಆದವರ ಮಕ್ಕಳು ಬರೆಯುತ್ತಾರೆ. "ಅಂಕಲ್, ಓಸಿಐ ಬೇಕು, ಮುತ್ತಜ್ಜ ಕೊಡಗಿನವರು ಅಂತ ಏನಾದರೂ ದಾಖಲೆ ಸಿಗಬಹುದಾ?" 2015ರಿಂದ ಭಾರತದ ಪೌರರ ಮರಿಮಕ್ಕಳಿಗೂ ಓಸಿಐ ಇದೆ. ಈಗ ನಾನು ಆ ಕಡೆಯವರಿಗೆ ಗುಮಾಸ್ತ. ಅವರ ಮುತ್ತಜ್ಜನ ಹೆಸರು ಹುಡುಕಲು ಹೋದರೆ ಜನನ ಪತ್ರ ಇಲ್ಲ, ಶಾಲೆ ರಿಜಿಸ್ಟರಿನಲ್ಲಿ ಜೂನ್ ಒಂದನೇ ತಾರೀಕು. ಹಳೇ ಮೇಷ್ಟ್ರುಗಳ ಕೃಪೆಯಿಂದ ಅರ್ಧ ಕೊಡಗು ಜೂನ್ ಒಂದಕ್ಕೇ ಹುಟ್ಟಿದೆ!

ಕಾಗದದ ಬಗ್ಗೆ ಹೇಳಿ ಮುಗಿಸುತ್ತೇನೆ, ಕಾಫಿ ಬರುತ್ತಿದೆ. ಜನನ ನೋಂದಣಿ ಆಗದವರು ಈಗಲೂ ತಡವಾದ ನೋಂದಣಿ ಮಾಡಿಸಬಹುದು. 1969ರ ಕಾಯ್ದೆಯಲ್ಲಿ ದಾರಿ ಇದೆ, ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದರೆ ಎಪ್ಪತ್ತು ವರ್ಷ ಬಿಟ್ಟು ಮಾಡಿಸಿದ ಜನನ ಪತ್ರವನ್ನು ಪರದೇಶದವರು ಅನುಮಾನದಿಂದ ನೋಡುತ್ತಾರೆ. ಜೊತೆಗೆ ಆ ಕಾಲದ್ದೇ ಇನ್ನೊಂದು ಪುರಾವೆ ಇಡಿ, ಬ್ಯಾಪ್ಟಿಸಮ್, ಶಾಲೆ, ಸೈನ್ಯದ ಸರ್ವೀಸ್ ಬುಕ್, ಯಾವುದಾದರೂ. ಹೆಸರಿನ ಸ್ಪೆಲ್ಲಿಂಗ್ ನೋಡಿಕೊಳ್ಳಿ. ಪೂವಯ್ಯ ಅನ್ನುವ ಒಬ್ಬರೇ ಮನುಷ್ಯ ನಾಲ್ಕು ಕಾಗದದಲ್ಲಿ ನಾಲ್ಕು ತರ ಇದ್ದದ್ದನ್ನು ಕಂಡಿದ್ದೇನೆ. ಮನೆತನದ ಹೆಸರು ಒಂದು ಕಡೆ ಇನಿಶಿಯಲ್ಲು, ಇನ್ನೊಂದು ಕಡೆ ಪೂರ್ತಿ, ಪಾಸ್‌ಪೋರ್ಟಿನಲ್ಲಿ ಮಾಯ. ಮೂವರು ಬೇರೆ ಬೇರೆ ಜನ ಅಂತ ಅವರು ತಿಳಿಯುತ್ತಾರೆ. ಇಲ್ಲಿಯ ಕಾಗದ ಬೇರೆ ದೇಶದಲ್ಲಿ ನಡೆಯಬೇಕಾದರೆ ಅಪೋಸ್ಟಿಲ್ ಅಂತ ಒಂದು ಮುದ್ರೆ ಬೇಕು. ವಿದೇಶಾಂಗ ಇಲಾಖೆ ಕೊಡುತ್ತದೆ, ಮೂಲ ಪತ್ರದ ಹಿಂದೆಯೇ ಅಂಟಿಸುತ್ತಾರೆ. ಅದಕ್ಕೇ ಹೇಳುವುದು, ಹಳೇ ಕಾಗದ ಯಾವುದನ್ನೂ ಲ್ಯಾಮಿನೇಶನ್ ಮಾಡಿಸಬೇಡಿ.

ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ನೋಡಿದರೆ ಬಿಸ್ಕತ್ ಡಬ್ಬದ ರೈಟರ್. ಅವರು ಬಂದದ್ದು ನನಗೆ ಗೊತ್ತೇ ಇರಲಿಲ್ಲ.

"ನಾನು ಮಾಡಿಸಿಬಿಟ್ಟೆನಲ್ಲ ಸಾರ್."

ಯಾವುದನ್ನು ಅಂದೆ.

"ಆ ಚೀಟೀನ ಅಲ್ಲ. ಫೋಟೋನ. ಗೋಡೆ ಮೇಲೆ ಹಾಕಿದೀವಿ."

ಅದಕ್ಕೆ ತೊಂದರೆ ಇಲ್ಲ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ ಅಂದೆ.